ನೆಲ, ನೀರು, ಮನೆ: ಮಣ್ಣಿನ ಇಟ್ಟಿಗೆ ಮಳೆಗೆ ಕರಗುತ್ತಾ?

ಈ ಸಲದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತು ಕೇಳುತ್ತವೆ. ಕಾಲೇಜು, ವಿಶ್ವವಿದ್ಯಾನಿಲಯಗಳಲ್ಲಿ ಮನೆ, ಮಣ್ಣು, ಕೆರೆ ಅಂತ ಇಷ್ಟೆಲ್ಲ ಸಂಶೋಧನೆ ನಡೆಯುತ್ತದಲ್ಲ, ಅದರಿಂದ ನಮಗೇನು ಸಿಕ್ಕಿತು? ಸಿಕ್ಕಿರುವುದು ಜಾಸ್ತಿಯೇ ಇದೆ. ಆದರೆ ಅದರಲ್ಲಿ ಬಹಳಷ್ಟು ವರದಿಗಳಲ್ಲೇ ಕೂತಿದೆ, ಮೇಸ್ತ್ರಿ ಕೈಗೆ ಬಂದಿಲ್ಲ. ಮೈಸೂರಿನಲ್ಲಿ ಸಿವಿಲ್ ಎಂಜಿನಿಯರಿಂಗ್ ಪಾಠ ಹೇಳಿ ನಿವೃತ್ತಳಾದ ನಾನು ಈ ಅಂಕಣ ಬರೆಯುವುದು ಆ ಕಾರಣಕ್ಕೇ.

ಪ್ರಶ್ನೆ: ಮೇಡಂ, ನಮ್ಮದು 30x40 ಸೈಟು. ಸುಟ್ಟ ಇಟ್ಟಿಗೆ ಬದಲು ಮಣ್ಣಿನ ಬ್ಲಾಕಿನಲ್ಲಿ ಮನೆ ಕಟ್ಟಬೇಕು ಅಂತ ಆಸೆ. ಮೇಸ್ತ್ರಿ "ಮಳೆಗೆ ಕರಗಿಹೋಗುತ್ತೆ ಸಾರ್" ಅನ್ನುತ್ತಾರೆ. ತಳಪಾಯಕ್ಕೆ ತೋಡಿದ ಕೆಂಪು ಮಣ್ಣು ಸೈಟಿನಲ್ಲೇ ರಾಶಿ ಬಿದ್ದಿದೆ. ಅದೇ ಸಾಕಾಗುತ್ತಾ? (ಓದುಗರು, ಟಿ. ನರಸೀಪುರ)

ಸರಿಯಾಗಿ ಮಾಡಿದರೆ ಕರಗುವುದಿಲ್ಲ. ಮೇಸ್ತ್ರಿ ಹೇಳುತ್ತಿರುವುದು ಹಸಿ ಇಟ್ಟಿಗೆ ವಿಷಯ. ಅದು ನಿಜವಾಗಿಯೂ ಕರಗುತ್ತದೆ. ನೀವು ಕೇಳುತ್ತಿರುವುದು ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿದ ಬ್ಲಾಕು. ಎರಡಕ್ಕೂ ಬಹಳ ವ್ಯತ್ಯಾಸ ಇದೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರು 'ಅಸ್ತ್ರ' ಅನ್ನುವ ಕೇಂದ್ರ ಶುರು ಮಾಡಿದರು. ಹಳ್ಳಿಗೆ ಬೇಕಾದ ತಂತ್ರಜ್ಞಾನ ಹುಡುಕುವುದೇ ಅದರ ಕೆಲಸ. ನಿಮ್ಮ ಅಮ್ಮನಿಗೆ ಅಸ್ತ್ರ ಒಲೆ ನೆನಪಿರಬಹುದು, ಅದು ಅಲ್ಲಿಯದೇ. ಕೆ.ಎಸ್. ಜಗದೀಶ್ ಮತ್ತು ಅವರ ಜೊತೆಯವರು ಅಲ್ಲೇ ಮಣ್ಣಿನ ಬ್ಲಾಕಿನ ಮೇಲೆ ವರ್ಷಗಟ್ಟಲೆ ಕೆಲಸ ಮಾಡಿದರು. ಕೈಯಲ್ಲಿ ಒತ್ತುವ ಯಂತ್ರ, ಎಂಥ ಮಣ್ಣಿಗೆ ಎಷ್ಟು ಸಿಮೆಂಟು, ಎಷ್ಟು ದಿನ ನೀರು ಹಾಕಬೇಕು, ಎಲ್ಲ ಲೆಕ್ಕ ಹಾಕಿಟ್ಟಿದ್ದಾರೆ. ಒಂದು ಬ್ಲಾಕಿನ ಅಳತೆ ಸಾಮಾನ್ಯವಾಗಿ 230 x 190 x 100 ಮಿ.ಮೀ. ತೂಕ ಸುಮಾರು 8 ಕೆ.ಜಿ. ಸಿಮೆಂಟು 7 ಪರ್ಸೆಂಟ್ ಹಾಕಿದರೆ ಒಂದು ಮೂಟೆಗೆ ಸುಮಾರು 90 ಬ್ಲಾಕ್ ಬರುತ್ತವೆ.

ಈಗ ನಿಮ್ಮ ಮಣ್ಣಿನ ರಾಶಿ. ಬರೀ ಕೆಂಪಗಿದ್ದರೆ ಸಾಲದು. ಒಳಗೆ ಮರಳೆಷ್ಟು, ಜೇಡಿ ಎಷ್ಟು ಅಂತ ನೋಡಬೇಕು. ಇದಕ್ಕೆ ಲ್ಯಾಬ್ ಬೇಡ, ಮೊದಲ ಪರೀಕ್ಷೆ ಮನೆಯಲ್ಲೇ ಆಗುತ್ತದೆ. ಅಗಲ ಬಾಯಿಯ ಗಾಜಿನ ಬಾಟಲಿ ತೆಗೆದುಕೊಳ್ಳಿ. ಬೇರು, ಗೊಬ್ಬರ ಇರುವ ಮೇಲಿನ ಒಂದಡಿ ಮಣ್ಣು ಬಿಟ್ಟು ಕೆಳಗಿನ ಮಣ್ಣನ್ನು ಮೂರನೇ ಒಂದು ಭಾಗ ತುಂಬಿ. ಗಂಟು ಇದ್ದರೆ ಪುಡಿ ಮಾಡಿ. ನೀರು ಹಾಕಿ, ಚಿಟಿಕೆ ಉಪ್ಪು ಹಾಕಿ, ಮುಚ್ಚಳ ಬಿಗಿ ಮಾಡಿ ಚೆನ್ನಾಗಿ ಕುಲುಕಿ. ಒಂದು ಗಂಟೆ ಬಿಟ್ಟು ಮತ್ತೆ ಕುಲುಕಿ ಅಲ್ಲಾಡದ ಜಾಗದಲ್ಲಿಡಿ. ಒಂದು ನಿಮಿಷದೊಳಗೆ ಮರಳು ತಳ ಸೇರುತ್ತದೆ. ಅಲ್ಲಿಗೆ ಬಾಟಲಿ ಮೇಲೆ ಪೆನ್ನಿನಲ್ಲಿ ಗೆರೆ ಎಳೆಯಿರಿ. ಅದರ ಮೇಲೆ ನಯವಾದ ಹೂಳಿನ ಪದರ ಕೂರುತ್ತದೆ. ಜೇಡಿ ಮಾತ್ರ ಮಾರನೆಯ ದಿನದವರೆಗೂ ನೀರನ್ನು ಕದಡಿಟ್ಟು ಕೊನೆಗೆ ಕೂರುತ್ತದೆ. ಕೆಳಗಿನ ಮರಳು ಒಟ್ಟು ಎತ್ತರದ ಮೂರರಲ್ಲಿ ಎರಡು ಪಾಲು ಇದ್ದು, ಮೇಲಿನ ಜೇಡಿ ತೆಳ್ಳಗಿದ್ದರೆ ಒಳ್ಳೆಯ ಮಣ್ಣು. ನಮ್ಮ ಕಡೆಯ ಕೆಂಪು ಮಣ್ಣಿನಲ್ಲಿ ಜೇಡಿ ಹೆಚ್ಚಿರುವುದೇ ಜಾಸ್ತಿ. ಆಗ ಮರಳೋ ಕ್ವಾರಿ ಪುಡಿಯೋ ಬೆರೆಸಿ ಸರಿ ಮಾಡಬಹುದು. ನರಸೀಪುರದ ಸುತ್ತ ಎರೆ ಮಣ್ಣೂ ಇದೆ. ಅದು ನೆಂದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಅದನ್ನು ಮಾತ್ರ ಬ್ಲಾಕಿಗೆ ತರಬೇಡಿ.

ಒತ್ತಿದ ಬ್ಲಾಕನ್ನು ನೆರಳಲ್ಲಿ ಜೋಡಿಸಿ, ಹುಲ್ಲು ಮುಚ್ಚಿ, ನಾಲ್ಕು ವಾರ ನೀರು ಚಿಮುಕಿಸುತ್ತಿರಬೇಕು. ಇಲ್ಲೇ ಎಲ್ಲರೂ ಕೈ ಬಿಡುವುದು. ಮೂರು ದಿನ ನೀರು ಹಾಕಿ, ಬಿಸಿಲಿಗಿಟ್ಟು, ವಾರಕ್ಕೆ ಗೋಡೆ ಎಬ್ಬಿಸಿಬಿಡುತ್ತಾರೆ. ಆಮೇಲೆ ಮೂಲೆ ಉದುರಿದರೆ ಮಣ್ಣಿನ ಮೇಲೆ ದೂರು. ನಿಮ್ಮ ಮೇಸ್ತ್ರಿ ನೋಡಿರುವುದು ಇಂಥ ಬ್ಲಾಕನ್ನೇ ಇರಬೇಕು.

ಒಣ ಬ್ಲಾಕಿನ ಗಟ್ಟಿತನ ನೋಡಿ ನಂಬಬೇಡಿ. ಎರಡು ದಿನ ನೀರಲ್ಲಿ ಮುಳುಗಿಸಿಟ್ಟು, ಹೊರಗೆ ತೆಗೆದು ಹಾಗೇ ಹಸಿಯಾಗಿದ್ದಾಗ ಒಡೆಸಿ ನೋಡಬೇಕು. ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿ ಕೇಳಿ, "ಹಸಿ ಬಲ ಎಷ್ಟು" ಅಂತಲೇ ಕೇಳಿ. ನಿಮ್ಮ ಮೇಸ್ತ್ರಿಯನ್ನೂ ಜೊತೆಗೆ ಕರೆದುಕೊಂಡು ಹೋಗಿ. ನೀರಲ್ಲಿ ಎರಡು ದಿನ ಇದ್ದ ಬ್ಲಾಕು ಯಂತ್ರದ ಕೆಳಗೆ ಟನ್‌ಗಟ್ಟಲೆ ಭಾರ ತಡೆದದ್ದನ್ನು ಕಣ್ಣಾರೆ ನೋಡಿದ ಮೇಲೆ ಅವರಿಗೆ ನಾನಾಗಲಿ ನೀವಾಗಲಿ ಹೇಳುವುದು ಉಳಿಯುವುದಿಲ್ಲ.

ತಳಪಾಯ ಸೈಜುಗಲ್ಲಿನದಿರಲಿ, ನೆಲಮಟ್ಟದಿಂದ ಒಂದೂವರೆ ಅಡಿಯಾದರೂ ಮೇಲೆ ಬರಲಿ. ಸಜ್ಜಾ ಎರಡಡಿ ಮುಂದಿರಲಿ.

ಇಷ್ಟು ಕಷ್ಟ ಯಾಕೆ ಪಡಬೇಕು ಅಂತ ನಿಮ್ಮ ಮನೆಯವರು ಕೇಳಬಹುದು. ಸುಟ್ಟ ಇಟ್ಟಿಗೆ ಗೂಡಿನೊಳಗೆ 900 ಡಿಗ್ರಿ ದಾಟಬೇಕು. ಅದಕ್ಕೆ ಎಷ್ಟು ಸೌದೆ, ಎಷ್ಟು ಗದ್ದೆಯ ಮೇಲ್ಮಣ್ಣು ಹೋಗುತ್ತದೆ ಅನ್ನುವುದು ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಅದೇ ವಿಜ್ಞಾನ ಸಂಸ್ಥೆಯ ವೆಂಕಟರಾಮ ರೆಡ್ಡಿ ಮತ್ತು ಜಗದೀಶ್ ಅವರು 2003ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, 6ರಿಂದ 8 ಪರ್ಸೆಂಟ್ ಸಿಮೆಂಟ್ ಇರುವ ಮಣ್ಣಿನ ಬ್ಲಾಕಿಗೆ ತಗಲುವ ಶಕ್ತಿ ಸುಟ್ಟ ಇಟ್ಟಿಗೆಯ ಸುಮಾರು ಕಾಲು ಭಾಗ ಮಾತ್ರ. ಮುಕ್ಕಾಲು ಪಾಲು ಉಳಿತಾಯ ಅಂದರೆ ಸಣ್ಣ ಮಾತಲ್ಲ.

ಪ್ರಶ್ನೆ: ಅಗ್ರಹಾರದಲ್ಲಿ ನಮ್ಮದು ತಾತನ ಕಾಲದ ಮನೆ, ಸುಣ್ಣದ ಗಾರೆ ಗೋಡೆ. ಕೆಲವು ವರ್ಷದ ಹಿಂದೆ ಗಟ್ಟಿಯಾಗಿರಲಿ ಅಂತ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆವು. ಈಗ ಸೊಂಟದ ಮಟ್ಟದವರೆಗೆ ಉಬ್ಬಿ ಉಬ್ಬಿ ಉದುರುತ್ತಿದೆ. ಕನ್ನಂಬಾಡಿ ಕಟ್ಟೆಯೂ ಸುಣ್ಣದ ಗಾರೆಯದೇ ಅಲ್ವಾ? ಅದು ನೀರಲ್ಲೇ ನಿಂತಿದೆ. ನಮ್ಮ ಗೋಡೆಗೆ ಮಾತ್ರ ಯಾಕೆ ಹೀಗೆ? (ಓದುಗರು, ಮೈಸೂರು)

ನಿಮ್ಮ ತಾತನ ಗೋಡೆಯ ತಪ್ಪು ಏನೂ ಇಲ್ಲ. ಅದರ ಮೇಲೆ ಹಚ್ಚಿದ ಸಿಮೆಂಟು ಅದಕ್ಕೆ ಹೊಂದಲಿಲ್ಲ.

ಹಳೆಯ ಗೋಡೆ ನೆಲದಿಂದ ತೇವ ಎಳೆದುಕೊಳ್ಳುತ್ತದೆ. ಸುಣ್ಣದ ಗಾರೆಯಲ್ಲಿ ಸಣ್ಣ ಸಣ್ಣ ರಂಧ್ರಗಳು ಇರುವುದರಿಂದ ಆ ತೇವ ಹಾಗೇ ಹೊರಗೆ ಆರಿಹೋಗುತ್ತದೆ. ಸಿಮೆಂಟ್ ಪ್ಲಾಸ್ಟರ್ ಆ ದಾರಿ ಮುಚ್ಚುತ್ತದೆ. ತೇವ ಒಳಗೇ ಸಿಕ್ಕಿಕೊಂಡು ಮೇಲೆ ಮೇಲೆ ಏರುತ್ತದೆ. ಅದರ ಜೊತೆ ಬಂದ ಉಪ್ಪು ಪ್ಲಾಸ್ಟರಿನ ಹಿಂದೆ ಹರಳುಗಟ್ಟಿ ಇಟ್ಟಿಗೆಯನ್ನೇ ಪುಡಿ ಮಾಡುತ್ತದೆ. ಉಬ್ಬಿದ ಕಡೆ ಬೆರಳಲ್ಲಿ ತಟ್ಟಿ ನೋಡಿ, ಟೊಳ್ಳು ಸದ್ದು ಬರುತ್ತದೆ. ಒಂದು ಚಕ್ಕೆ ಕಿತ್ತರೆ ಹಿಂದೆ ಬಿಳಿ ಪುಡಿ ಇರುತ್ತದೆ.

ತೇವ ಏರಿದ ಗೆರೆಗಿಂತ ಎರಡಡಿ ಮೇಲಿನವರೆಗೆ ಸಿಮೆಂಟು ಕೀಳಿಸಿ. ಗೋಡೆಯನ್ನು ಒಂದು ಬೇಸಿಗೆ ಪೂರ್ತಿ ಬರಿಮೈಯಲ್ಲಿ ಒಣಗಲು ಬಿಡಿ. ಉಪ್ಪನ್ನು ಒಣ ಬ್ರಷ್‌ನಲ್ಲಿ ಉಜ್ಜಿ ತೆಗೆಸಿ. ನೀರು ಹಾಕಿ ತೊಳೆದರೆ ಅದು ಕರಗಿ ಮತ್ತೆ ಗೋಡೆಯೊಳಕ್ಕೇ ಹೋಗುತ್ತದೆ. ಹೊರಗೆ ರಸ್ತೆಯನ್ನೋ ಅಂಗಳವನ್ನೋ ಎತ್ತರಿಸಿದ್ದರೆ ನೀರು ಗೋಡೆಯ ಬುಡಕ್ಕೆ ಬರದಂತೆ ಮೊದಲು ಅದನ್ನು ಸರಿಪಡಿಸಿ. ಆಮೇಲೆ ಸುಣ್ಣ, ಸುರ್ಕಿಯ ಗಾರೆ, ಮೇಲೆ ಸುಣ್ಣದ ಬಣ್ಣ. ಪುಟ್ಟಿ, ಎಮಲ್ಷನ್ ಹತ್ತಿರವೂ ಸೇರಿಸಬೇಡಿ.

ಕನ್ನಂಬಾಡಿಯ ಗುಟ್ಟು ಆ ಸುರ್ಕಿಯಲ್ಲೇ ಇದೆ. 1911ರಲ್ಲಿ ಆ ಕೆಲಸ ಶುರುವಾದಾಗ ವಿಶ್ವೇಶ್ವರಯ್ಯನವರು ಕಲ್ಲಿನ ಕಟ್ಟಡಕ್ಕೆ ಸುರ್ಕಿ ಗಾರೆ ಬಳಸಿದರು. ಸುರ್ಕಿ ಅಂದರೆ ಸುಟ್ಟ ಜೇಡಿಮಣ್ಣಿನ ನಯ ಪುಡಿ. ಬರೀ ಸುಣ್ಣ ಗಟ್ಟಿಯಾಗಲು ಗಾಳಿ ಬೇಕು, ನೀರಿನೊಳಗೆ ಅದು ಗಟ್ಟಿಯಾಗುವುದಿಲ್ಲ. ಸುಟ್ಟ ಜೇಡಿಯ ಪುಡಿ ಸೇರಿದರೆ ಅದರೊಳಗಿನ ಸಿಲಿಕಾ, ಅಲ್ಯುಮಿನಾ ಸುಣ್ಣದ ಜೊತೆ ಕೂಡಿ ಸಿಮೆಂಟಿನಂಥ ಬಂಧ ಕಟ್ಟುತ್ತವೆ, ನೀರಿನಲ್ಲೂ ಕಟ್ಟುತ್ತವೆ. ಒಂದು ಷರತ್ತು ಇದೆ. ಜೇಡಿಯನ್ನು ಹದವಾಗಿ, 700ರಿಂದ 800 ಡಿಗ್ರಿ ಆಸುಪಾಸಿನಲ್ಲಿ ಸುಟ್ಟಿರಬೇಕು. ಕಪ್ಪಗೆ ಕರಕಲಾಗುವಷ್ಟು ಸುಟ್ಟ ಇಟ್ಟಿಗೆಯ ಪುಡಿ ಕೆಲಸಕ್ಕೆ ಬಾರದು. ಹಳೆ ಇಟ್ಟಿಗೆ ಚೂರು ಕುಟ್ಟಿ ಸುರ್ಕಿ ಅಂತ ಮಾರುವವರಿದ್ದಾರೆ, ಎಚ್ಚರ.

ನನಗೆ ಬಹಳ ಸಂತೋಷ ಕೊಡುವ ಸಂಗತಿ ಇನ್ನೊಂದಿದೆ. ಸಿಮೆಂಟು ಮಾಡಲು ಸುಣ್ಣದ ಕಲ್ಲು ಸುಡಬೇಕು. 100 ಕೆ.ಜಿ. ಶುದ್ಧ ಸುಣ್ಣದ ಕಲ್ಲು ಸುಟ್ಟರೆ 44 ಕೆ.ಜಿ. ಇಂಗಾಲದ ಡೈ ಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ, ಉರುವಲಿನ ಹೊಗೆ ಬೇರೆ. ಇದನ್ನು ತಗ್ಗಿಸಲು ಸ್ವಿಟ್ಜರ್ಲೆಂಡಿನ ಲೋಸಾನ್, ಕ್ಯೂಬಾ, ದೆಹಲಿ ಮತ್ತು ಮದ್ರಾಸ್ ಐಐಟಿಗಳ ಸಂಶೋಧಕರು ಸೇರಿ ಹೊಸ ಸಿಮೆಂಟೊಂದನ್ನು ರೂಪಿಸಿದ್ದಾರೆ. ಎಲ್‌ಸಿ3 ಅನ್ನುತ್ತಾರೆ. ಅದರಲ್ಲಿ ಸಿಮೆಂಟ್ ಗಟ್ಟಿ, ಅಂದರೆ ಕ್ಲಿಂಕರ್, ಅರ್ಧದಷ್ಟೇ. ಉಳಿದದ್ದರಲ್ಲಿ ಸುಟ್ಟ ಜೇಡಿ 30 ಪಾಲು, ಸುಡದ ಸುಣ್ಣದ ಕಲ್ಲಿನ ಪುಡಿ 15 ಪಾಲು, ಜಿಪ್ಸಂ 5 ಪಾಲು. ಇಂಗಾಲ 30ರಿಂದ 40 ಪರ್ಸೆಂಟ್ ಕಡಿಮೆಯಾಗುತ್ತದೆ. 2023ರಲ್ಲಿ ನಮ್ಮ ದೇಶದ ಮಾನಕ ಸಂಸ್ಥೆಯೂ ಇದಕ್ಕೆ ಮಾನಕ ಕೊಟ್ಟಿತು. ಗಾಣದಲ್ಲಿ ಗಾರೆ ಅರೆಯುತ್ತಿದ್ದವರು ಕೈಯಳತೆಯಲ್ಲಿ ಬಲ್ಲ ಸುಟ್ಟ ಜೇಡಿಯೇ ಈಗ ಸಿಮೆಂಟ್ ಕಾರ್ಖಾನೆಗೆ ಬಂದಿದೆ.

ಪ್ರಶ್ನೆ: ಮಂಡ್ಯದಲ್ಲಿ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದೇವೆ. ಏಪ್ರಿಲ್‌ನಲ್ಲಿ ರಾತ್ರಿ 11 ಆದರೂ ಮೋಲ್ಡ್ ಬಿಸಿ ಇರುತ್ತೆ. ಮಗು ಮಲಗಲ್ಲ. ಎಸಿ ಹಾಕಿಸುವ ಶಕ್ತಿ ಇಲ್ಲ. (ಗೃಹಿಣಿ, ಮಂಡ್ಯ)

ಕಾಂಕ್ರೀಟು ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಕೆಳಗೆ ಬಿಡುತ್ತದಮ್ಮ. ಮಳೆಗೆ ಕಪ್ಪಾದ ಹಳೆ ಮೋಲ್ಡ್ ಆದರೆ ಬಿದ್ದ ಬಿಸಿಲಿನ ಹೆಚ್ಚಿನ ಪಾಲನ್ನು ಹೀರಿಕೊಳ್ಳುತ್ತದೆ. ಬಿಳಿ ಬಳಿದರೆ ಹೆಚ್ಚಿನ ಪಾಲು ವಾಪಸ್ ಹೋಗುತ್ತದೆ. ಮಾಲೀಕರನ್ನು ಒಂದು ಮಾತು ಕೇಳಿ, ಫೆಬ್ರವರಿಯಲ್ಲೇ ತಾರಸಿ ಗುಡಿಸಿ, ತೊಳೆದು, ಸುಣ್ಣಕ್ಕೆ ಸ್ವಲ್ಪ ಫೆವಿಕಾಲ್ ಬೆರೆಸಿ ಎರಡು ಕೋಟ್ ಹೊಡೆಯಿರಿ. ಮನೆಯೊಳಗೆ 2ರಿಂದ 5 ಡಿಗ್ರಿವರೆಗೆ ತಗ್ಗಿದ್ದನ್ನು ಬೇರೆ ಬೇರೆ ಊರುಗಳಲ್ಲಿ ಅಳೆದು ನೋಡಿದ್ದಾರೆ. ತೆಲಂಗಾಣ ಸರ್ಕಾರ 2023ರಲ್ಲಿ ಇದಕ್ಕೇ ಒಂದು ನೀತಿ ತಂದಿದೆ. ಮಳೆಗಾಲ ಕಳೆದರೆ ಸುಣ್ಣ ಮಾಸುತ್ತದೆ, ಪ್ರತಿ ವರ್ಷ ಹೊಡೆಯಬೇಕು. ಸಂಜೆ ಬಿಸಿಲು ಇಳಿದ ಮೇಲೆ ಎದುರುಬದುರು ಕಿಟಕಿ ತೆರೆಯಿರಿ, ಮಧ್ಯಾಹ್ನ ಮುಚ್ಚಿಡಿ.

ಹೊಸದಾಗಿ ಮೋಲ್ಡ್ ಹಾಕಿಸುವವರಿಗೆ ಒಂದು ಮಾತು. ಮೋಲ್ಡಿನ ಕೆಳಭಾಗದ ಕಾಂಕ್ರೀಟು ಭಾರ ಹೊರುವುದಿಲ್ಲ, ಅಲ್ಲಿ ಎಳೆತ ತಡೆಯುವುದು ಕಂಬಿ. ಕಂಬಿಗಳ ನಡುವಿನ ಆ ಜಾಗದಲ್ಲಿ ಮಂಗಳೂರು ಹಂಚು ಜೋಡಿಸಿದರೆ ಕಾಂಕ್ರೀಟೂ ಉಳಿಯುತ್ತದೆ, ಬಿಸಿಯೂ ತಗ್ಗುತ್ತದೆ. ಲಾರಿ ಬೇಕರ್ ಕೇರಳದಲ್ಲಿ ಈ ಥರದ ಎಷ್ಟೋ ಮನೆ ಕಟ್ಟಿದರು. ಎಂಜಿನಿಯರ್ ಲೆಕ್ಕ ಹಾಕಿಯೇ ಮಾಡಿಸಿ, ಅಂದಾಜಿನಲ್ಲಿ ಬೇಡ.

ಪ್ರಶ್ನೆ: 30x40 ಮನೆ ಮೇಲೆ ಮೈಸೂರಿನಲ್ಲಿ ವರ್ಷಕ್ಕೆ ಎಷ್ಟು ಮಳೆನೀರು ಸಿಗುತ್ತೆ? (ಓದುಗರು, ಬೋಗಾದಿ)

ಒಂದು ಚದರ ಮೀಟರ್ ಮೇಲೆ ಒಂದು ಮಿ.ಮೀ. ಮಳೆ ಬಿದ್ದರೆ ಒಂದು ಲೀಟರ್. ತಾರಸಿ 100 ಚದರ ಮೀಟರ್, ಮಳೆ ಸುಮಾರು 800 ಮಿ.ಮೀ. ಅಂದರೆ 80,000 ಲೀಟರ್. ಆರಿದ್ದು, ಚೆಲ್ಲಿದ್ದು ಕಳೆದರೆ 60,000ಕ್ಕೆ ಮೋಸವಿಲ್ಲ. ನಮ್ಮಲ್ಲಿ ಮೇ ತಿಂಗಳಲ್ಲೂ ಅಕ್ಟೋಬರ್‌ನಲ್ಲೂ ಜೋರು ಮಳೆ, ಹಾಗಾಗಿ ತೊಟ್ಟಿ ಎರಡು ಸಲ ತುಂಬುತ್ತದೆ. ಮೊದಲ ಮಳೆಯ ನೀರು ಹೊರಗೆ ಬಿಡಿ.

ಪ್ರಶ್ನೆ: ನಾಲೆ ನೀರು ಕಟ್ಟು ಪದ್ಧತಿಯಲ್ಲಿ ಬರುತ್ತೆ, ಕೆಲವು ದಿನ ಬಿಡ್ತಾರೆ, ಕೆಲವು ದಿನ ನಿಲ್ಲಿಸ್ತಾರೆ. ಬಂದಾಗ ಗದ್ದೆ ತುಂಬಿಸಿಕೊಳ್ಳದಿದ್ದರೆ ಜೀವ ತಡೆಯಲ್ಲ. ಭತ್ತಕ್ಕೆ ಯಾವಾಗಲೂ ನೀರು ನಿಂತಿರಬೇಕಾಗಿಲ್ಲ ಅಂತ ಕೃಷಿ ವಿಶ್ವವಿದ್ಯಾನಿಲಯದವರು ಹೇಳ್ತಾರೆ. ನಂಬಬಹುದಾ? (ರೈತರು, ಪಾಂಡವಪುರ)

ನಾನು ಕೃಷಿ ಓದಿದವಳಲ್ಲ. ಆದರೆ ನೀರು, ಮಣ್ಣು ನನ್ನ ವಿಷಯ, ಇದನ್ನು ಧೈರ್ಯವಾಗಿ ಹೇಳಬಲ್ಲೆ: ನಂಬಬಹುದು.

ಫಿಲಿಪೀನ್ಸಿನ ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಇದಕ್ಕೊಂದು ಸುಲಭದ ಸಾಧನ ತೋರಿಸಿಕೊಟ್ಟಿದೆ. ಒಂದಡಿ ಉದ್ದದ ಪಿವಿಸಿ ಪೈಪಿನ ತುಂಡು. ಅದರ ಕೆಳಗಿನ 20 ಸೆಂ.ಮೀ. ಭಾಗಕ್ಕೆ ಸುತ್ತಲೂ ತೂತು ಕೊರೆದು, ಅಷ್ಟನ್ನು ಗದ್ದೆಯೊಳಗೆ ಇಳಿಸಿ, ಒಳಗಿನ ಮಣ್ಣು ತೆಗೆದುಬಿಡಬೇಕು. ಬಗ್ಗಿ ನೋಡಿದರೆ ಬೇರಿನ ಮಟ್ಟದಲ್ಲಿ ನೀರು ಎಲ್ಲಿದೆ ಅಂತ ಕಾಣುತ್ತದೆ. ಮೇಲೆ ಗದ್ದೆ ಒಣಗಿ ಸಣ್ಣ ಬಿರುಕು ಬಿಟ್ಟಿರಬಹುದು, ಪೈಪಿನಲ್ಲಿ ಮಾತ್ರ ನಾಲ್ಕು ಬೆರಳು ಕೆಳಗೇ ನೀರು ಇರುತ್ತದೆ. ನೀರು ನೆಲಮಟ್ಟದಿಂದ 15 ಸೆಂ.ಮೀ. ಕೆಳಗೆ ಇಳಿಯುವವರೆಗೂ ಪೈರಿಗೆ ತೊಂದರೆ ಇಲ್ಲ. ಅಲ್ಲಿಗೆ ಬಂದಾಗ ಮತ್ತೆ ನೀರು ಕಟ್ಟಿ. ನಾಟಿಯಾದ ಮೊದಲ ಎರಡು ವಾರ ಕಳೆ ಬರದಂತೆ ನೀರು ನಿಂತಿರಲಿ. ಹೂ ಬರುವ ಸಮಯದಲ್ಲಿ, ಅದಕ್ಕೆ ಒಂದು ವಾರ ಮುಂಚೆ ಒಂದು ವಾರ ಆಮೇಲೆ, ಯಾವ ಕಾರಣಕ್ಕೂ ಒಣಗಿಸಬೇಡಿ.

ಹೀಗೆ ಮಾಡಿದರೆ 30 ಪರ್ಸೆಂಟ್‌ವರೆಗೂ ನೀರು ಉಳಿಯುತ್ತದೆ. ಒಂದು ಎಕರೆಯಲ್ಲಿ ಒಂದು ಇಂಚು ನೀರು ನಿಲ್ಲಿಸಲು ಒಂದು ಲಕ್ಷ ಲೀಟರ್ ಬೇಕು, ಲೆಕ್ಕ ನೀವೇ ಹಾಕಿ. ನೀರು ನಿಂತ ಕೆಸರಿನಲ್ಲಿ ಗಾಳಿ ಇರುವುದಿಲ್ಲ, ಅಲ್ಲಿಯ ಸೂಕ್ಷ್ಮಜೀವಿಗಳು ಮೀಥೇನ್ ಬಿಡುತ್ತವೆ. ಭೂಮಿ ಬಿಸಿಯಾಗುವುದರಲ್ಲಿ ಅದರ ಪಾಲು ದೊಡ್ಡದು. ಗದ್ದೆ ನಡುನಡುವೆ ಗಾಳಿಯಾಡಿದರೆ ಅದೂ ಅರ್ಧದಷ್ಟು ಇಳಿಯುತ್ತದೆ.

ಕಟ್ಟು ಪದ್ಧತಿಯಲ್ಲಿ ನಿಮಗೆ ಬೇಕಾದಾಗ ನೀರು ಸಿಗುವುದಿಲ್ಲ, ಅದು ನಿಜವಾದ ಕಷ್ಟ. ಮುಂದಿನ ಕಟ್ಟು ಯಾವ ತಾರೀಖು ಅಂತ ಮೊದಲೇ ಖಚಿತವಾಗಿ ತಿಳಿಸಿದರೆ ರೈತರು ತುಂಬಿಸಿಟ್ಟುಕೊಳ್ಳುವುದಿಲ್ಲ. ಇದನ್ನು ನೀರು ಬಳಕೆದಾರರ ಸಂಘದಲ್ಲಿ ಎಲ್ಲರೂ ಸೇರಿ ಗಟ್ಟಿಯಾಗಿ ಕೇಳಬೇಕು. ಅಲ್ಲಿಯವರೆಗೆ ಪೈಪು ಒಂದು ಕೆಲಸ ಮಾಡುತ್ತದೆ. ನಾಲೆಯಲ್ಲಿ ನೀರು ಬಿಡುವುದು ನಿಲ್ಲಿಸಿದಾಗ ಗದ್ದೆ ಒಣಗಿತಲ್ಲ ಅಂತ ಹೆದರಿಕೆಯಾದರೆ ಬಗ್ಗಿ ನೋಡಿ. ಈ ಹಂಗಾಮಿಗೆ ಒಂದೇ ತಾಕಿನಲ್ಲಿ ಮಾಡಿ, ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ ವಿ.ಸಿ. ಫಾರಂಗೂ ಒಮ್ಮೆ ಹೋಗಿ ಬನ್ನಿ.

ಪ್ರಶ್ನೆ: ಮನೆ ಮುಂದಿನ ಹೊಂಗೆ ಮರದ ಬೇರು ತಳಪಾಯ ಒಡೆಯುತ್ತೆ, ಕಡಿಸಿ ಅಂತಾರೆ. (ಓದುಗರು, ಶ್ರೀರಾಂಪುರ)

ಕಡಿಸಬೇಡಿ. ಮರದ ಬೇರು ಬಹುಪಾಲು ಮೇಲಿನ ಎರಡು ಮೂರು ಅಡಿಯಲ್ಲೇ ಹರಡುತ್ತದೆ. ಕೆಂಪು ಮಣ್ಣಿನಲ್ಲಿ ಸರಿಯಾದ ತಳಪಾಯವನ್ನು ಹೊಂಗೆ ಅಲ್ಲಾಡಿಸುವುದಿಲ್ಲ. ಗೋಡೆ ಸಂದಿಯಲ್ಲಿ ಅರಳಿ ಗಿಡ ಹುಟ್ಟಿದ್ದರೆ ಅದನ್ನು ಈಗಲೇ ಕೀಳಿ. ಬುಡಕ್ಕೆ ಹಾಕಿರುವ ಕಾಂಕ್ರೀಟ್ ಒಡೆಸಿ, ಸುತ್ತ ಮೂರಡಿ ಮಣ್ಣು ಕಾಣಲಿ.

ಪ್ರಶ್ನೆ: ಕುಕ್ಕರಹಳ್ಳಿ ಕೆರೆ ಏರಿ ಮೇಲೆ ದಿನಾ ವಾಕಿಂಗ್ ಹೋಗುವವನು ನಾನು. ನಮ್ಮೂರಿನ ಕೆರೆಯಲ್ಲಿ ಬೇಸಿಗೆಯಲ್ಲಿ ಮೀನು ಸಾಯುತ್ತವೆ, ಅದೂ ಬೆಳಗಿನ ಹೊತ್ತು. ಯಾರೋ ವಿಷ ಹಾಕ್ತಾರೆ ಅಂತ ಊರಲ್ಲಿ ಜಗಳ. ಕೆರೆ ಸುತ್ತ ಕಲ್ಲು ಕಟ್ಟಿಸಿ ಇಂಟರ್‌ಲಾಕ್ ಹಾಕಿಸಿದರೆ ಸರಿಹೋಗುತ್ತಾ? (ಓದುಗರು, ಸರಸ್ವತಿಪುರಂ)

ಬೆಳಗಿನ ಹೊತ್ತೇ ಸಾಯುತ್ತವೆ ಅಂದರೆ ವಿಷಕ್ಕಿಂತ ಮೊದಲು ಚರಂಡಿ ನೀರಿನ ಮೇಲೆ ಅನುಮಾನ ಪಡಬೇಕು. ಚರಂಡಿಯ ರಂಜಕ, ಸಾರಜನಕ ತಿಂದು ಪಾಚಿ ಬೆಳೆಯುತ್ತದೆ. ಹಗಲು ಅದು ನೀರಿಗೆ ಆಮ್ಲಜನಕ ಕೊಡುತ್ತದೆ, ರಾತ್ರಿ ತಾನೇ ಹೀರುತ್ತದೆ. ಸೂರ್ಯ ಹುಟ್ಟುವ ಮುಂಚೆ ನೀರಿನ ಆಮ್ಲಜನಕ ತಳ ಕಂಡಿರುತ್ತದೆ. ಲೀಟರಿಗೆ 5 ಮಿಲಿಗ್ರಾಂ ಇದ್ದರೆ ಮೀನು ಆರಾಮ, 2ಕ್ಕೆ ಇಳಿದರೆ ಬಾಯಿ ತೆರೆದು ಮೇಲೆ ಬರುತ್ತವೆ. ಹತ್ತಿರದ ಕಾಲೇಜಿನ ಪರಿಸರ ವಿಜ್ಞಾನ ವಿಭಾಗದವರನ್ನು ಮುಂಜಾನೆ 5ಕ್ಕೆ ಬಂದು ಅಳೆಯಲು ಕೇಳಿ. ಮಧ್ಯಾಹ್ನ ಅಳೆದರೆ ಎಲ್ಲ ಸರಿ ಇದೆ ಅಂತ ಬರುತ್ತದೆ.

ಇಂಟರ್‌ಲಾಕ್ ವಿಷಯ. ದಯವಿಟ್ಟು ಬೇಡ. 1864ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಕಟ್ಟಿದ ಕುಕ್ಕರಹಳ್ಳಿ ಕೆರೆ ನೋಡಿ, ಇವತ್ತು ಅಷ್ಟು ಹಕ್ಕಿ ಬರುವುದು ಅಂಚಿನಲ್ಲಿ ಆಳವಿಲ್ಲದ ನೀರು, ಆಪು, ಗಿಡಗಂಟೆ ಇರುವುದರಿಂದ. ಬಣ್ಣದ ಕೊಕ್ಕರೆ ಕಾಲೂರಿ ನಿಲ್ಲಲು ಮೊಣಕಾಲುದ್ದದ ನೀರು ಬೇಕು. ಸುತ್ತ ನೆಟ್ಟಗೆ ಕಲ್ಲು ಕಟ್ಟಿದರೆ ಅದು ದೊಡ್ಡ ತೊಟ್ಟಿಯಾಗುತ್ತದೆ. ಮಳೆನೀರು ಬರುವ ಕಾಲುವೆ ತೆರವು ಮಾಡುವುದು, ಚರಂಡಿ ತಪ್ಪಿಸುವುದು, ಹಣ ಇದಕ್ಕೆ ಹೋಗಲಿ.

ಪ್ರಶ್ನೆ: ಮೇಡಂ, ನಾನು ಮಂಡ್ಯದಲ್ಲಿ ಸಿವಿಲ್ ಕೊನೆ ವರ್ಷ. ನಮ್ಮ ಮನೆಯವರದು ಆಲೆಮನೆ ಇದೆ. ಪ್ರಾಜೆಕ್ಟಿಗೆ ಏನು ಮಾಡಲಿ? ಇಂಟರ್‌ನೆಟ್‌ನಿಂದ ಯಾವುದಾದರೂ ತೆಗೆದುಕೋ ಅಂತಾರೆ ಸ್ನೇಹಿತರು. (ವಿದ್ಯಾರ್ಥಿ, ಮಂಡ್ಯ)

ಇಂಟರ್‌ನೆಟ್ ಯಾಕಪ್ಪ, ನಿಮ್ಮ ಆಲೆಮನೆ ಒಲೆಯ ಬೂದಿಯೇ ಇದೆಯಲ್ಲ. ಕಬ್ಬಿನ ಸಿಪ್ಪೆಯ ಬೂದಿಯಲ್ಲಿ ಸಿಲಿಕಾ ಇರುತ್ತದೆ. ಹದವಾಗಿ ಸುಟ್ಟಿದ್ದರೆ ಅದೂ ಸುರ್ಕಿಯ ಕೆಲಸವನ್ನೇ ಮಾಡುತ್ತದೆ. ಸಕ್ಕರೆ ಕಾರ್ಖಾನೆಯ ಬೂದಿ ಮೇಲೆ ಕೆಲಸ ಆಗಿದೆ. ಆಲೆಮನೆಯ ಒಲೆ ಬೇರೆ, ಅಲ್ಲಿ ಉರಿ ಒಂದೇ ಸಮ ಇರುವುದಿಲ್ಲ. ಒಲೆಯ ಬಾಯಿ ಹತ್ತಿರದ ಬೂದಿ, ನಡುವಿನ ಬೂದಿ, ಹೊಗೆ ಗೂಡಿನ ಬುಡದ ಬೂದಿ, ಮೂರನ್ನೂ ಬೇರೆ ಬೇರೆ ತೆಗೆದಿಡು. ಕಪ್ಪಗಿದ್ದರೆ ಸುಡದ ಇಂಗಾಲ ಜಾಸ್ತಿ ಅಂತ. ಅದನ್ನು ಮತ್ತೆ ಸುಟ್ಟು ತೂಕ ಎಷ್ಟು ಇಳಿಯಿತು ನೋಡು. ನಯವಾಗಿ ಅರೆದು, ಜರಡಿ ಹಿಡಿದು, ಸಿಮೆಂಟಿನ ಬದಲು 10, 15, 20 ಪರ್ಸೆಂಟ್ ಹಾಕಿ ಕ್ಯೂಬ್ ಮಾಡು. ಎಲ್ಲರೂ 28 ದಿನಕ್ಕೆ ನಿಲ್ಲಿಸುತ್ತಾರೆ, ನೀನು 90ಕ್ಕೂ ಒಡೆದು ನೋಡು. ಬೂದಿಯ ಕೆಲಸ ನಿಧಾನ. ಹಾಗಾಗಿ ಮೊದಲ ತಿಂಗಳೇ ಕ್ಯೂಬ್ ಎರಕ ಹಾಕಬೇಕು.

ಒಲೆಗೆ ಸಿಪ್ಪೆ ಬಿಟ್ಟು ಬೇರೇನು ಹಾಕುತ್ತಾರೆ ಅಂತ ಮುಚ್ಚುಮರೆ ಇಲ್ಲದೆ ಬರೆದಿಡು. ಟೈರು, ಪ್ಲಾಸ್ಟಿಕ್ಕು ಸುಟ್ಟ ಬೂದಿ ಈ ಕೆಲಸಕ್ಕೆ ಬೇಡ, ಬೆಲ್ಲಕ್ಕಂತೂ ಬೇಡವೇ ಬೇಡ. ಖರ್ಚಿಗೆ ಕರ್ನಾಟಕ ರಾಜ್ಯ ವಿಜ್ಞಾನ ಮತ್ತು ತಂತ್ರಜ್ಞಾನ ಮಂಡಳಿ ವಿದ್ಯಾರ್ಥಿಗಳ ಪ್ರಾಜೆಕ್ಟಿಗೆ ಹಣ ಕೊಡುವ ಯೋಜನೆ ಇದೆ, ನಿಮ್ಮ ವಿಭಾಗದ ಮುಖ್ಯಸ್ಥರ ಮೂಲಕ ಅರ್ಜಿ ಹಾಕು.

ವರದಿ ಇಂಗ್ಲಿಷಿನಲ್ಲಿ ಕೊಡಲೇಬೇಕು, ಕೊಡು. ಅದರ ಜೊತೆ ಕನ್ನಡದಲ್ಲಿ ಎರಡು ಪುಟ ಬರೆದು ನಿಮ್ಮ ಊರಿನ ಮೇಸ್ತ್ರಿಗಳಿಗೆ, ಆಲೆಮನೆಯವರಿಗೆ ಕೊಡು. ಬೂದಿ ಕೆಲಸಕ್ಕೆ ಬರಲಿಲ್ಲ ಅಂತ ಗೊತ್ತಾದರೂ ಅದನ್ನೇ ಬರೆ. ಅಳತೆಗಳನ್ನು ಪರ್ಸೆಂಟಿನಲ್ಲಿ ಬೇಡ, ಬಾಂಡ್ಲಿ ಲೆಕ್ಕದಲ್ಲಿ ಹಾಕು: ಸಿಮೆಂಟು ಇಷ್ಟು ಬಾಂಡ್ಲಿ, ಬೂದಿ ಇಷ್ಟು, ಮರಳು ಇಷ್ಟು. ಒಂದು ಪ್ರತಿ ನನಗೂ ಕಳಿಸು, ಇದೇ ಅಂಕಣದಲ್ಲಿ ಹಾಕೋಣ.